ಬೀಡು ಆರುವ ಹೊತ್ತು

ಸಕಲೇಶಪುರದ ಕಡೆ ಗೆಳೆಯರೊಬ್ಬರ ಕಾಫಿ ತೋಟದಲ್ಲಿ, ಕಣದ ಪಕ್ಕದ ಶೆಡ್ಡಿನೊಳಗೆ, 1930ರ ಫೋರ್ಡ್ ಮಾಡೆಲ್ ಎ ಕಾರೊಂದಿದೆ. ಅವರ ಅಜ್ಜ ಓಡಿಸುತ್ತಿದ್ದ ಕಾರು. ವರ್ಷಕ್ಕೆ ನಾಲ್ಕೈದು ಸಲ, ಹಬ್ಬಕ್ಕೋ ಮದುವೆಗೋ ಹೊರಗೆ ಬರುತ್ತದೆ. ಕಳೆದ ಸಲ ನಾನು ಹೋದಾಗ ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಪೆಟ್ರೋಲ್ ವಾಸನೆ ಮುಖಕ್ಕೆ ಬಡಿಯಿತು. ಬಗ್ಗಿ ನೋಡಿದರೆ ಕಾರ್ಬುರೇಟರಿನ ತಳದಲ್ಲಿ ಬಿಳಿ ಮೆತ್ತೆ. ಬಟ್ಟೆ ಒಗೆಯುವ ಬಾರ್ ಸೋಪು.

"ಆರು ತಿಂಗಳಿಂದ ಸೋಪಲ್ಲೇ ನಡೀತಾ ಇದೆ ಮಾರಾಯ್ರೆ," ಎಂದರು ಗೆಳೆಯರು.

ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಟ್ಯಾಂಕ್ ಸೋರಿದರೆ ಲಾರಿಯವರು ಸೋಪು ಮೆತ್ತಿಕೊಂಡು ಊರು ಸೇರುತ್ತಾರೆ. ಊರು ಸೇರುವ ತನಕ ಅದು ಸರಿ. ಆದರೆ ಈ ಕಾರಿಗೆ ಪೆಟ್ರೋಲ್ ಪಂಪೇ ಇಲ್ಲ. ಟ್ಯಾಂಕು ಮುಂದಿನ ಗಾಜಿನ ಕೆಳಗೆ, ಡ್ರೈವರಿನ ಮೊಣಕಾಲಿಗಿಂತ ಮೇಲೆ ಇದೆ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಕಾಕ್ ತೆರೆದಿದ್ದರೆ ಟ್ಯಾಂಕ್ ಬರಿದಾಗುವ ತನಕ ಸೋರುತ್ತಲೇ ಇರುತ್ತದೆ. ಕಾರ್ಬುರೇಟರಿನ ಪಕ್ಕದಲ್ಲೇ ಕಾದು ಕೆಂಡವಾಗುವ ಎಕ್ಸಾಸ್ಟ್. ಅಂಥ ಕಡೆ ಸೋಪನ್ನು ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಾರದು ಎಂದು ಹೇಳಿ, ಕಾಕ್ ಮುಚ್ಚಿಸಿ, ಬ್ಯಾಟರಿ ತಂತಿ ಬಿಚ್ಚಿಸಿದೆ.

ಎರಡು ಬೋಲ್ಟು ಬಿಚ್ಚಿದರೆ ಈ ಕಾರ್ಬುರೇಟರ್ ಕೈಗೆ ಬರುತ್ತದೆ. ಜೆನಿತ್ ಕಂಪನಿಯ ವಿನ್ಯಾಸ, ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿನ ಕೆಳಗೆ ನೇತಾಡಿಕೊಂಡು ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವಂಥದು. ಸ್ಕೂಟರ್ ಬೈಕುಗಳ ಕಾರ್ಬುರೇಟರ್ ಹಿಡಿದು ರೂಢಿಯಾದ ಕೈಗೆ ಇದರ ತೂಕವೇ ಬೆರಗು. ಮೈಯೆಲ್ಲ ಬೀಡು ಕಬ್ಬಿಣ. ಮೇಲೊಂದು ಅರ್ಧ, ಕೆಳಗೊಂದು ಅರ್ಧ. ಎರಡನ್ನೂ ಬಿಗಿದಿರುವುದು ಒಂದೇ ಒಂದು ಉದ್ದ ಬೋಲ್ಟ್. 1927ರ ಕೊನೆಯಿಂದ 1932ರ ಆರಂಭದವರೆಗೆ ಫೋರ್ಡ್ ಕಂಪನಿ 48 ಲಕ್ಷಕ್ಕೂ ಹೆಚ್ಚು ಮಾಡೆಲ್ ಎ ಗಾಡಿಗಳನ್ನು ಮಾಡಿತು. 3.3 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 40 ಅಶ್ವಶಕ್ತಿ. ನಮ್ಮ ದೇಶಕ್ಕೆ ಇವು ಬಂದದ್ದು ಕೆನಡಾದ ಫೋರ್ಡ್ ಮೂಲಕ, ಬಲಗಡೆ ಸ್ಟಿಯರಿಂಗಿನೊಂದಿಗೆ.

ಸೋಪು ಕೆರೆದು ಸೀಮೆಎಣ್ಣೆಯಲ್ಲಿ ತೊಳೆದಾಗ ತಳದಲ್ಲಿ ಒಂದು ಬಿರುಕು ಕಣ್ಣಿಗೆ ಬಿತ್ತು. ಪೆಟ್ರೋಲ್ ನಿಲ್ಲುವ ಬೌಲಿನ ಅಡಿಯ ಡ್ರೈನ್ ಪ್ಲಗ್ಗಿನ ತೂತಿನಿಂದ ಹೊರಟು ಮೇಲಕ್ಕೆ ಹತ್ತಿದ ಕೂದಲೆಳೆ. ಬಿರುಕು ಎಲ್ಲಿ ಮುಗಿಯುತ್ತದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಅದಕ್ಕೊಂದು ಹಳೆಯ ಉಪಾಯವಿದೆ. ಭಾಗವನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಡಬೇಕು. ಬೆಳಿಗ್ಗೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಬೇಕು. ಬಿರುಕಿನೊಳಗೆ ಇಳಿದ ಎಣ್ಣೆ ನಿಧಾನವಾಗಿ ಮೇಲೆದ್ದು ಸುಣ್ಣವನ್ನು ನೆನೆಸುತ್ತದೆ. ಹತ್ತು ನಿಮಿಷದಲ್ಲಿ ಬಿಳಿಯ ಮೇಲೆ ಬೂದು ಗೆರೆ ಎದ್ದು ಬರುತ್ತದೆ. ಆಸ್ಪತ್ರೆಯ ಎಕ್ಸ್-ರೇ ಕಂಡಷ್ಟು ಸಮಾಧಾನ ನನಗೆ ಆ ಗೆರೆ ಕಂಡಾಗ ಆಗುತ್ತದೆ.

ಮರುದಿನ ಬೆಳಿಗ್ಗೆ ಎರಡು ಗೆರೆ ಎದ್ದಿದ್ದವು. ತಳದ್ದು ಒಂದು. ಇನ್ನೊಂದು ನಾವು ಹುಡುಕದೇ ಇದ್ದದ್ದು: ಮೇಲಿನ ಅರ್ಧದಲ್ಲಿ, ಮ್ಯಾನಿಫೋಲ್ಡಿಗೆ ಬೋಲ್ಟು ಹಾಕುವ ಕಿವಿಯ ಬುಡದಲ್ಲಿ. ಅಲ್ಲಿ ಹಿಂದೊಮ್ಮೆ ಯಾರೋ ಕರೆಂಟ್ ವೆಲ್ಡಿಂಗ್ ಹೊಡೆಸಿದ್ದರು. ವೆಲ್ಡಿಂಗಿನ ಉಬ್ಬು ಗಟ್ಟಿಯಾಗಿಯೇ ಇತ್ತು. ಬಿರುಕು ಅದರ ಮೇಲಲ್ಲ, ಅದರ ಪಕ್ಕದಲ್ಲಿ, ಉಬ್ಬಿಗೆ ಅಂಟಿಕೊಂಡಂತೆ ಸಾಗಿತ್ತು. ಎಂಜಿನ್ ನಿಧಾನಕ್ಕೆ ತಿರುಗುವಾಗ ಏರಿಳಿಯುತ್ತದೆ ಎಂದು ಗೆಳೆಯರು ವರ್ಷಗಟ್ಟಲೆಯಿಂದ ಹೇಳುತ್ತಿದ್ದದ್ದು ಆಗ ನೆನಪಾಯಿತು. ಹಿಂದೊಮ್ಮೆ ಎಂಜಿನ್ ನಡೆಸಿದ್ದಾಗ ಆ ಜೋಡಣೆಯ ಸುತ್ತ ದಪ್ಪ ಎಣ್ಣೆ ಸವರಿ ನೋಡಿದ್ದೆ. ಒಂದೆರಡು ಕ್ಷಣ ಸದ್ದು ಸಮನಾಗಿ, ಎಣ್ಣೆ ಒಳಗೆ ಎಳೆದುಹೋದ ಮೇಲೆ ಮತ್ತೆ ಏರಿಳಿತ. ಕಿವಿಯ ಬಿರುಕಿನಿಂದ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿತ್ತು.

ಒಡೆದ ಕಾರ್ಬುರೇಟರ್ ತಂದವರು ನನ್ನನ್ನು ಮೊದಲು ಕೇಳುವುದು "ಬಿರುಕು ಎಷ್ಟು ಉದ್ದ ಇದೆ, ಆಗುತ್ತಾ?" ಎಂದು. ಉದ್ದಕ್ಕಿಂತ, ಅದು ಯಾವುದನ್ನು ಸೀಳಿಕೊಂಡು ಹೋಗಿದೆ ಎಂಬುದು ಮುಖ್ಯ. ಈ ಜೆನಿತ್ತಿನ ಒಳಗಿರುವುದನ್ನು ಸ್ವಲ್ಪ ತಿಳಿದರೆ ಇದು ಸ್ಪಷ್ಟವಾಗುತ್ತದೆ. ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತು, ಅಂದರೆ ಜೆಟ್, ಒಂದೇ ಇದ್ದರೆ ಎಂಜಿನ್ ವೇಗ ಹೆಚ್ಚಿದಂತೆಲ್ಲ ಗಾಳಿಯ ಪ್ರಮಾಣ ಮೀರಿ ಪೆಟ್ರೋಲ್ ಹೀರಿಬರುತ್ತದೆ, ಹೊಗೆ ಕಪ್ಪಾಗುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಫ್ರಾಂಸ್ವಾ ಬಾವೆರೆ 1906ರಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡ. ಎರಡನೆಯ ಜೆಟ್ ಒಂದಿಟ್ಟು, ಅದರ ಪೆಟ್ರೋಲನ್ನು ಮೇಲ್ಭಾಗ ಗಾಳಿಗೆ ತೆರೆದ ಪುಟ್ಟ ಬಾವಿಯೊಂದಕ್ಕೆ ಬೀಳುವಂತೆ ಮಾಡಿದ. ಎಂಜಿನ್ ಎಷ್ಟೇ ಹೀರಲಿ, ಆ ಜೆಟ್ಟಿನಿಂದ ನಿಮಿಷಕ್ಕೆ ಬರುವುದು ಅಷ್ಟೇ ಪೆಟ್ರೋಲ್. ವೇಗ ಏರಿದಂತೆ ಒಂದು ಜೆಟ್ ಅತಿ ಮಾಡುತ್ತದೆ, ಇನ್ನೊಂದು ಕಡಿಮೆ ಬೀಳುತ್ತದೆ. ಎರಡೂ ಸೇರಿ ಹದ. ಇಷ್ಟು ಸರಳವಾದ, ಅಲುಗಾಡುವ ಭಾಗವೇ ಇಲ್ಲದ ಪರಿಹಾರ ಹೊಳೆದ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಈ ಹದವೆಲ್ಲ ನಿಂತಿರುವುದು ಬೀಡಿನೊಳಗೆ ಕೊರೆದ ಸಣ್ಣ ದಾರಿಗಳ ಮೇಲೆ. ಬಿರುಕು ಅಂಥ ದಾರಿಯೊಂದನ್ನು ದಾಟಿದ್ದರೆ ಪೆಟ್ರೋಲೋ ಗಾಳಿಯೋ ಜೆಟ್ಟಿನ ಅಳತೆಗೆ ಸಿಗದೆ ಅಡ್ಡಹಾದಿ ಹಿಡಿಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಗಾಡಿ ಮಾತ್ರ ಸರಿಹೋಗುವುದಿಲ್ಲ. ಅಂಥ ಮೈಯನ್ನು ಬೆಸೆಯಲು ಹೋದರೆ ದಾರಿಯೇ ಮುಚ್ಚಿಹೋಗುವ ಭಯ. ಅದನ್ನು ಬದಿಗಿಟ್ಟು ಬೇರೆ ಹುಡುಕುವುದೇ ಮೇಲು. ಮಾಡೆಲ್ ಎ ಕಾರಿಗೆ ಹೊಸ ಕಾರ್ಬುರೇಟರನ್ನು ಇಂದಿಗೂ ಅಮೆರಿಕದಿಂದ ತರಿಸಬಹುದು. ಬೌಲಿನ ಹೊರಗೋಡೆಯ ಬಿರುಕು ಹಾಗಲ್ಲ. ಅಲ್ಲಿ ನಿಂತಿರುವುದು ಕೆಲವು ಸೆಂಟಿಮೀಟರ್ ಎತ್ತರದ ಪೆಟ್ರೋಲ್, ಒತ್ತಡ ಎಂಬುದೇ ಇಲ್ಲ. ಸೋರದಂತೆ ಮುಚ್ಚಿದರೆ ಸಾಕು. ಕಿವಿ ಇಡೀ ಕಾರ್ಬುರೇಟರಿನ ಭಾರ ಹೊತ್ತು ಎಂಜಿನ್ನಿನ ಜೊತೆ ನಡುಗುವ ಜಾಗ. ಅಲ್ಲಿ ಮುಚ್ಚಿದರೆ ಸಾಲದು, ಬಲ ಬೇಕು.

ಪುಣ್ಯಕ್ಕೆ ನಮ್ಮ ಎರಡು ಗೆರೆಗಳೂ ಒಳದಾರಿ ಮುಟ್ಟಿರಲಿಲ್ಲ. ಪೆಟ್ಟಿಗೆಯಲ್ಲಿ ಹಾಕಿಕೊಂಡು ಬೆಂಗಳೂರಿಗೆ ತಂದೆ. ಕಲಾಸಿಪಾಳ್ಯದ ಹಿಂದಿನ ಓಣಿಯೊಂದರಲ್ಲಿ ಎಪ್ಪತ್ತು ದಾಟಿದ ಗ್ಯಾಸ್ ವೆಲ್ಡಿಂಗ್ ಮೇಸ್ತ್ರಿ ಒಬ್ಬರಿದ್ದಾರೆ. ಅಕ್ಕಪಕ್ಕದ ಅಂಗಡಿಗಳಲ್ಲೆಲ್ಲ ಈಗ ಕರೆಂಟಿನದೇ ಕೆಲಸ. ಬೀಡನ್ನು ಹಿತ್ತಾಳೆಯಲ್ಲಿ ಬೆಸೆಯುವುದು ಆ ಓಣಿಗೆ ಇವರೊಬ್ಬರೇ. ಕಿವಿಯ ಮೇಲಿನ ಉಬ್ಬು ನೋಡಿದ್ದೇ ಅವರು ಅರ ತೆಗೆದು ಅದರ ಅಂಚಿನ ಮೇಲೆ ಎಳೆದರು. ಅರ ಕಚ್ಚಲಿಲ್ಲ. ಗಾಜಿನ ಮೇಲೆ ಎಳೆದ ಹಾಗೆ ಕಿರ್ರೆಂದು ಜಾರಿತು. ಎರಡು ಬೆರಳಗಲ ದೂರದಲ್ಲಿ ಎಳೆದರು. ಅಲ್ಲಿ ಮೆತ್ತಗೆ ಕಪ್ಪು ಪುಡಿ ಉದುರಿತು.

"ನೋಡಿ ಸಾರ್, ಇದು ಬೀಡು. ಅದು ಬೀಡಲ್ಲ, ಗಾಜು. ಕರೆಂಟಲ್ಲಿ ಸುಟ್ಟು ಗಾಜು ಮಾಡ್ಬಿಟ್ಟವ್ರೆ."

ಅವರ ಬೆರಳಿಗೆ ಅಂಟಿದ್ದ ಆ ಕಪ್ಪು ಪುಡಿಯಲ್ಲೇ ಎಲ್ಲ ವಿವರಣೆಯೂ ಇದೆ. ಬಾಗಿಲು ಕಿಟಕಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಕಾಲು ಭಾಗದ ಆಸುಪಾಸು. ಬೀಡಿನಲ್ಲಿ ಶೇ. 2.5ರಿಂದ 4ರವರೆಗೆ. ಅಷ್ಟು ಇಂಗಾಲವನ್ನು ಕಬ್ಬಿಣ ತನ್ನೊಳಗೆ ಕರಗಿಸಿ ಇಟ್ಟುಕೊಳ್ಳಲಾರದು. ಎರಕ ನಿಧಾನವಾಗಿ ಆರುವಾಗ ಅದು ಗ್ರಾಫೈಟಿನ ಸಣ್ಣ ಸಣ್ಣ ಹಾಳೆಗಳಾಗಿ ಬೇರೆಯಾಗಿ ಉಳಿಯುತ್ತದೆ. ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಇದೇ. ಬೀಡು ಅರಕ್ಕೆ, ಲೇತಿಗೆ ಸುಲಭವಾಗಿ ಬಗ್ಗುವುದು, ನಡುಕವನ್ನು ನುಂಗಿಕೊಳ್ಳುವುದು ಈ ಹಾಳೆಗಳಿಂದ. ಅದರ ದೌರ್ಬಲ್ಯವೂ ಅವೇ: ಒಂದೊಂದು ಹಾಳೆಯೂ ಒಳಗೆ ಮೊದಲೇ ಇರುವ ಒಂದು ಬಿರುಕಿನಂತೆ. ಅದುಮಿದರೆ ಬೀಡು ಎಷ್ಟು ತಡೆಯುತ್ತದೋ ಎಳೆದರೆ ಅದರ ಮೂರನೇ ಒಂದೋ ನಾಲ್ಕನೇ ಒಂದೋ ಭಾಗ ಮಾತ್ರ.

ಮನೆಯಲ್ಲಿ ಬೀಡಿನ ದೋಸೆ ಕಾವಲಿ ಇದ್ದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಕಾದ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿದರೆ ಟಣ್ ಎಂದು ಬಿರಿಯುತ್ತದೆ. ಅದು ಎಷ್ಟೋ ವರ್ಷ ಉರಿಯ ಮೇಲೆ ಕೂತದ್ದೇ. ಬೆಂಕಿಗೆ ಅದು ಹೆದರುವುದಿಲ್ಲ. ಒಂದು ಕಡೆ ತಟ್ಟನೆ ತಣಿದು ಕುಗ್ಗಿ, ಇನ್ನೊಂದು ಕಡೆ ಕುಗ್ಗದೆ ನಿಂತಾಗ ನಡುವೆ ಹುಟ್ಟುವ ಎಳೆತವನ್ನು ತಾಳಲಾರದು. ಕರೆಂಟ್ ವೆಲ್ಡಿಂಗಿನಲ್ಲಿ ನಡೆಯುವುದು ಇದೇ, ಇನ್ನೂ ಕ್ರೂರವಾಗಿ. ಕಡ್ಡಿಯ ತುದಿಯಲ್ಲಿ ಬೀಡು ಕರಗಿ ನೀರಾಗುತ್ತದೆ. ಸುತ್ತಲಿನ ತಣ್ಣನೆಯ ಮೈ ಆ ಕಾವನ್ನು ಕೆಲವೇ ಕ್ಷಣಗಳಲ್ಲಿ ಹೀರಿಬಿಡುತ್ತದೆ. ಇಂಗಾಲಕ್ಕೆ ಗ್ರಾಫೈಟಾಗಿ ಬೇರೆಯಾಗಲು ಸಮಯ ಸಿಗದೆ ಕಬ್ಬಿಣದ ಜೊತೆಗೇ ಹೆಪ್ಪುಗಟ್ಟಿ ಅರ ಕಚ್ಚದ ಬಿಳಿ ಬೀಡಾಗುತ್ತದೆ. ಹಾಕಿದ ಲೋಹವೂ ಆರುತ್ತ ಕುಗ್ಗಿ, ಪಕ್ಕದ್ದನ್ನು ಎಳೆಯುತ್ತದೆ. ವೆಲ್ಡಿಂಗ್ ಗಟ್ಟಿಯಾಗಿ ಉಳಿದು ಅದರ ಮಗ್ಗುಲಲ್ಲೇ ಬಿರುಕು ಹುಟ್ಟುವುದು ಹೀಗೆ.

ನಿಕ್ಕಲ್ ಕಡ್ಡಿಯಲ್ಲಿ ಕರೆಂಟ್ ವೆಲ್ಡಿಂಗ್ ಮಾಡಬಹುದು, ನಿಜ. ನಿಕ್ಕಲ್ ಮೆದುವಾಗಿಯೇ ಉಳಿಯುತ್ತದೆ. ಒಂದಂಗುಲ ಹಾಕಿ, ಪುಟ್ಟ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಕೈ ಇಡುವಷ್ಟು ಆರಿದ ಮೇಲೆ ಇನ್ನೊಂದಂಗುಲ. ದಪ್ಪನೆಯ ಎಂಜಿನ್ ಬ್ಲಾಕಿಗೆ ಅದು ಒಳ್ಳೆಯ ದಾರಿ, ಕಾರ್ಬುರೇಟರಿನ ತೆಳು ಕಿವಿಗೆ ಅಲ್ಲ. ಬೆಂಕಿಯೇ ಇಲ್ಲದೆ ಬಿರುಕಿಗೆ ಅಡ್ಡಲಾಗಿ ಲೋಹದ ಬೀಗಗಳನ್ನು ಕೂರಿಸಿ ಹೊಲಿಯುವ ವಿಧಾನವೂ ಇದೆ. 1930ರ ದಶಕದಲ್ಲಿ ಬೆಂಕಿ ಹಚ್ಚಲಾಗದ ಅಮೆರಿಕದ ತೈಲಬಾವಿಗಳಲ್ಲಿ ಬೆಳೆದ ವಿದ್ಯೆ. ಅದಕ್ಕೂ ದಪ್ಪ ಮೈ ಬೇಕು. ನಮ್ಮ ಕೆಲಸಕ್ಕೆ ಉಳಿದದ್ದು ಹಿತ್ತಾಳೆ ಬೆಸುಗೆ. ಬೀಡು ಕರಗಬೇಕಾದರೆ 1,150 ಡಿಗ್ರಿ ದಾಟಬೇಕು. ಬೆಸುಗೆಯ ಹಿತ್ತಾಳೆ ಸುಮಾರು 900ರಲ್ಲೇ ಕರಗಿ, ಬೀಡನ್ನು ಕರಗಿಸದೆ ಅದರ ಮೈಗೆ ಅಂಟಿಕೊಳ್ಳುತ್ತದೆ. ಬೀಡು ಕರಗದಿದ್ದರೆ ಬಿಳಿ ಬೀಡು ಹುಟ್ಟುವ ಮಾತೂ ಕಡಿಮೆ.

ಮೇಸ್ತ್ರಿ ಮೊದಲು ಜೆಟ್ಟು, ಸೂಜಿ, ಥ್ರಾಟಲ್ ತಟ್ಟೆ, ಅದರ ಕಂಬಿ ಎಲ್ಲ ಬಿಚ್ಚಿಸಿದರು. ಪೆಟ್ರೋಲಿನ ಹನಿಯೂ ಉಳಿಯದ ಹಾಗೆ ತೊಳೆದು ಒಣಗಿಸಿದರು. ಹಳೆಯ ಉಬ್ಬನ್ನು ಗ್ರೈಂಡರಿನಲ್ಲಿ ತೆಗೆದರು. ಅರ ಹಿಡಿಯದ ಕಡೆ ಬೇರೆ ದಾರಿ ಇಲ್ಲ. ಒಳ್ಳೆಯ ಬೀಡು ಸಿಕ್ಕ ಕೂಡಲೇ ಗ್ರೈಂಡರ್ ಕೆಳಗಿಟ್ಟು ದಪ್ಪ ಹಲ್ಲಿನ ಅರ ಹಿಡಿದರು. ಗ್ರೈಂಡರಿನ ಕಲ್ಲು ಗ್ರಾಫೈಟನ್ನು ಮೈಗೆಲ್ಲ ಸಾರಿಸಿಬಿಡುತ್ತದೆ. ಸಾರಿಸಿದ ಮೈಗೆ ಹಿತ್ತಾಳೆ ಹತ್ತುವುದಿಲ್ಲ, ಕಮಲದೆಲೆಯ ಮೇಲಿನ ನೀರಿನ ಹಾಗೆ ಗುಂಡಾಗಿ ಉರುಳುತ್ತದೆ. ಬಿರುಕಿನ ಉದ್ದಕ್ಕೂ ಕಾಲುವೆಯ ಹಾಗೆ ಅರದಿಂದ ತೋಡಿ, ತಳದಲ್ಲಿ ಒಂದು ತೆಳು ಪದರ ಹಾಗೇ ಬಿಟ್ಟರು, ಕಿವಿ ತನ್ನ ಜಾಗದಿಂದ ಕದಲದಿರಲಿ ಎಂದು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದರು. ಬಿರುಕಿನ ಚೂಪು ತುದಿಯಲ್ಲಿ ಎಳೆತವೆಲ್ಲ ಬಂದು ಸೇರುತ್ತದೆ. ದುಂಡನೆ ತೂತು ಅದನ್ನು ಹಂಚಿಬಿಡುತ್ತದೆ, ಬಿರುಕು ಮುಂದೆ ಓಡುವುದಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಮೊದಲು ಎಲ್ಲೂ ಕಂಡಿರಲಿಲ್ಲ. ಟಾರ್ಚಿನ ಹಳೆಯ ಸೆಲ್ ಒಂದನ್ನು ಸೀಳಿ ಒಳಗಿನ ಕರಿ ಕಡ್ಡಿ ತೆಗೆದು ಬೋಲ್ಟಿನ ತೂತಿಗೆ ತುರುಕಿದರು. ಅದು ಇಂಗಾಲದ ಕಡ್ಡಿ. ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ, ಬೆಂಕಿಗೆ ಅದು ಕರಗುವುದಿಲ್ಲ. ತೂತು ತೂತಾಗಿಯೇ ಉಳಿಯುತ್ತದೆ.

ಇದ್ದಿಲಿನ ಕುಲುಮೆಯಲ್ಲಿ ಇಡೀ ಭಾಗವನ್ನು ಕೂರಿಸಿ ಮೆಲ್ಲಗೆ ಕಾಯಿಸಿದರು. ತೊಂಬತ್ತು ವರ್ಷ ಕುಡಿದ ಎಣ್ಣೆ ಮೊದಲು ಹೊಗೆಯಾಗಿ ಹೊರಟಿತು. ಹೊಗೆ ನಿಂತ ಮೇಲೆ ಗ್ಯಾಸ್ ಟಾರ್ಚ್ ಹಿಡಿದು, ಆಮ್ಲಜನಕ ತುಸು ಹೆಚ್ಚು ಮಾಡಿ, ತೋಡಿದ ಕಾಲುವೆಯ ಮೇಲೆ ಒಮ್ಮೆ ಆಡಿಸಿದರು, ಮೇಲ್ಮೈಯ ಗ್ರಾಫೈಟ್ ಸುಟ್ಟುಹೋಗಲಿ ಎಂದು. ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದರು. ಬಿಸಿಲಿನಲ್ಲಿ ಕಾದ ಲೋಹದ ಬಣ್ಣ ಕಾಣುವುದಿಲ್ಲ, ಕತ್ತಲು ಬೇಕು. ಕಿವಿ ಮಬ್ಬುಗೆಂಪಿನಿಂದ ಹಣ್ಣುಗೆಂಪಿಗೆ ತಿರುಗುವ ಹೊತ್ತಿಗೆ ಹಿತ್ತಾಳೆ ಕಡ್ಡಿಯ ತುದಿಯನ್ನು ಬಿಳಿಗಾರದ ಪುಡಿಯಲ್ಲಿ ಅದ್ದಿ ಮುಟ್ಟಿಸಿದರು. ಮೊದಲ ಹನಿ ಗುಂಡಾಗಿ ನಿಂತಿತು. ಟಾರ್ಚನ್ನು ಒಂದು ಸುತ್ತು ತಿರುಗಿಸಿದರು. ಹನಿ ಇದ್ದಕ್ಕಿದ್ದಂತೆ ಕಾಲುವೆಯ ಉದ್ದಕ್ಕೂ ನೀರಿನ ಹಾಗೆ ಹರಡಿತು. ಹಾಗೆ ಹರಡಿದರೆ ಹತ್ತಿತು ಎಂದರ್ಥ. ಬಿಳಿ ಹೊಗೆ ಎದ್ದರೆ ಕಾವು ಹೆಚ್ಚಾಗಿ ಹಿತ್ತಾಳೆಯೊಳಗಿನ ಸತು ಕುದಿದು ಹೋಗುತ್ತಿದೆ ಎಂದರ್ಥ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಅವತ್ತು ಹೊಗೆ ಏಳಲಿಲ್ಲ. ಎಲ್ಲ ಸೇರಿ ನಾಲ್ಕೈದು ನಿಮಿಷದ ಕೆಲಸ.

ಆರಿಸುವುದಕ್ಕೆ ಒಂದು ರಾತ್ರಿ ಹಿಡಿಯಿತು. ಮೂಲೆಯಲ್ಲಿ ಭತ್ತದ ಹೊಟ್ಟಿನ ಬೂದಿ ತುಂಬಿದ ಎಣ್ಣೆ ಡಬ್ಬವೊಂದಿತ್ತು. ಅದರೊಳಗೆ ಮೊದಲೇ ಒಂದು ಕಾದ ಕಬ್ಬಿಣದ ತುಂಡು ಹೂತು ಬೂದಿಯನ್ನೂ ಬಿಸಿ ಮಾಡಿಟ್ಟಿದ್ದರು. ಆ ತುಂಡು ತೆಗೆದು, ಕಾರ್ಬುರೇಟರಿನ ಅರ್ಧವನ್ನು ಅಲ್ಲಿ ಹೂತು, ಮೇಲೆ ನಾಲ್ಕು ಬೊಗಸೆ ಬೂದಿ ಸುರಿದು ಗೋಣಿ ಹೊದಿಸಿದರು. ಹೊಟ್ಟಿನ ಬೂದಿಯಷ್ಟು ಚೆನ್ನಾಗಿ ಕಾವು ಹಿಡಿದಿಡುವ, ಅಷ್ಟು ಅಗ್ಗದ ವಸ್ತು ಇನ್ನೊಂದಿಲ್ಲ. ಬೆಳಿಗ್ಗೆ ಬಂದು ಡಬ್ಬಕ್ಕೆ ಕೈ ಹಾಕಿದಾಗ ಒಳಗೆ ಇನ್ನೂ ಬೆಚ್ಚಗಿತ್ತು.

ತಳದ ಬಿರುಕಿಗೆ ಲೋಹದ ಪುಡಿ ಬೆರೆತ ಎಪಾಕ್ಸಿ ಸಾಕಿತ್ತೇನೋ. ಮೇಸ್ತ್ರಿ ಬೆಳ್ಳಿ ಬೆಸುಗೆಯನ್ನೇ ಆರಿಸಿದರು: 700 ಡಿಗ್ರಿಯೊಳಗೆ ಮುಗಿಯುವ ಕೆಲಸ, ಜೆಟ್ಟುಗಳ ದಾರಿ ಇರುವ ಅರ್ಧಕ್ಕೆ ಕಾವು ಕಡಿಮೆಯಾದಷ್ಟೂ ಕ್ಷೇಮ. ಹಳೆಯ ಕಾಲದ ಬೆಳ್ಳಿ ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು, ಅದರ ಹೊಗೆ ವಿಷ. ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ತರಬೇಕು.

ಬೆಸುಗೆ ಎಷ್ಟೇ ಚೆನ್ನಾಗಿರಲಿ, ಒಡೆದದ್ದು ಏಕೆಂದು ತಿಳಿಯದಿದ್ದರೆ ಅದು ಮತ್ತೆ ಒಡೆಯುತ್ತದೆ. ತಳದ ತೂತಿನಲ್ಲಿ ಮೂಲ ಪ್ಲಗ್ ಇರಲಿಲ್ಲ. ಅದರ ಬದಲು ಯಾರೋ ನೀರಿನ ಪೈಪಿನ ಟೇಪರ್ ಪ್ಲಗ್ ಹಾಕಿದ್ದರು. ತುದಿಯತ್ತ ಸಣ್ಣಗಾಗುವ ಈ ಟೇಪರ್ ಮರೆ (ತಿರುಪಿನ ಸುತ್ತು) ಬಿಗಿದಷ್ಟೂ ಬೆಣೆಯಂತೆ ತೂತನ್ನು ಹಿಗ್ಗಿಸುತ್ತದೆ. ಹಿಗ್ಗಿಸುವುದೆಂದರೆ ಎಳೆಯುವುದೇ, ಬೀಡಿಗೆ ಆಗದೇ ಇರುವುದೂ ಅದೇ. ನೇರ ಮರೆಯ ಪ್ಲಗ್ ಒಂದನ್ನು ಲೇತಿನಲ್ಲಿ ಮಾಡಿಸಿ ಫೈಬರ್ ವಾಷರ್ ಕೊಟ್ಟೆವು. ಕಿವಿಗಳ ಕತೆಯೂ ಬಿಗಿತದ್ದೇ. ದಪ್ಪ ಗಾಜಿನ ಮೇಲೆ ನೀಲಿ ಬಣ್ಣ ಸವರಿ ಕಿವಿಗಳ ಮುಖವನ್ನು ಒತ್ತಿ ನೋಡಿದರೆ ಬಣ್ಣ ಹತ್ತಿದ್ದು ಎರಡು ಕಿವಿಗಳ ತುದಿಗೆ ಮಾತ್ರ. ನಡುವಿನ ಭಾಗ ಗಾಜನ್ನು ಮುಟ್ಟಿರಲಿಲ್ಲ. ಸೋರಿಕೆ ನಿಲ್ಲಲಿ ಎಂದು ಯಾರೋ ಎರಡೆರಡು ಪ್ಯಾಕಿಂಗ್ ಹಾಕಿ ಬಿಗಿದಿದ್ದಾರೆ. ಬಿಗಿದಷ್ಟೂ ಕಿವಿ ಮೇಲಕ್ಕೆ ಬಾಗಿದೆ, ಕೊನೆಗೆ ಬುಡದಲ್ಲಿ ಬಿರಿದಿದೆ. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಸೀಮೆಎಣ್ಣೆ ಹನಿಸಿ, ಎಂಟರ ಆಕಾರದಲ್ಲಿ ಉಜ್ಜುತ್ತ ಕೂತೆ. ಮುಖದ ತುಂಬ ನೀಲಿ ಹತ್ತಲು ಒಂದೂವರೆ ಗಂಟೆ ಬೇಕಾಯಿತು.

ಕೆಳಗಿನ ಅರ್ಧಕ್ಕೆ ಸೀಮೆಎಣ್ಣೆ ತುಂಬಿ ದಿನಪತ್ರಿಕೆಯ ಮೇಲಿಟ್ಟು ರಾತ್ರಿ ಬಿಟ್ಟೆವು. ಸೀಮೆಎಣ್ಣೆ ನೀರಿಗಿಂತ ಸಣ್ಣ ಸಂದಿಯಲ್ಲೂ ನುಸುಳುತ್ತದೆ, ಕಾಗದದ ಮೇಲೆ ಕಲೆ ಬಿಡುತ್ತದೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು.

ತೋಟದಲ್ಲಿ ಜೋಡಿಸುವಾಗ ಒಂದೇ ಪ್ಯಾಕಿಂಗ್ ಹಾಕಿ, ಎರಡು ಬೋಲ್ಟುಗಳನ್ನೂ ಅರ್ಧರ್ಧ ಸುತ್ತಿನಂತೆ ಒಂದಾದ ಮೇಲೊಂದು ಬಿಗಿದೆವು. ಬಳಿಕ ಗೆಳೆಯರಿಗೆ ಒಂದು ಮಾತು ಒತ್ತಿ ಹೇಳಿದೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕೇಳುವುದೇ ಬೇಡ. ನೀರು ಮಿತಿ ಮೀರಿದರೆ ಬೇರೆಯಾಗಿ ತಳಕ್ಕಿಳಿಯುತ್ತದೆ, ಆ ತಳ ಬೀಡಿನದು, ತುಕ್ಕು ಹಿಡಿಯುತ್ತದೆ. ಚಳಿ ದೇಶಗಳಲ್ಲಿ ಬೌಲಿನ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗಿ ಹಳೆಯ ಟ್ರ್ಯಾಕ್ಟರುಗಳ ಕಾರ್ಬುರೇಟರನ್ನು ಸೀಳಿಹಾಕುತ್ತದೆ. ನಮಗೆ ಆ ಕಾಟವಿಲ್ಲ, ತುಕ್ಕಿನದು ಇದೆ. ಈ ಕಾರಿನ ಫ್ಲೋಟ್ ಹಿತ್ತಾಳೆಯದಾದ್ದರಿಂದ ಬಚಾವು. ಬೆಂಡಿನ ಫ್ಲೋಟಿಗೆ ಅರಗು ಬಳಿದ ಹಳೆಯ ಕಾರ್ಬುರೇಟರುಗಳಲ್ಲಿ ಅರಗನ್ನೇ ಎಥನಾಲ್ ಕರಗಿಸಿಬಿಡುತ್ತದೆ. ಗಾಡಿ ಶೆಡ್ಡಿಗೆ ಬಂದ ಕೂಡಲೇ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ನಡೆಸಿ, ಉಳಿದ ಪೆಟ್ರೋಲನ್ನು ತಳದ ಪ್ಲಗ್ಗಿನಿಂದ ಇಳಿಸಿಬಿಡಿ ಎಂದೆ. ಪ್ಲಗ್ಗನ್ನು ಬರೀ ಮೂರು ಬೆರಳ ಬಲದಲ್ಲಿ ಬಿಗಿಯಬೇಕೆಂದೂ ಹೇಳಿದೆ.

ಕಾಕ್ ತೆರೆದು ಹತ್ತು ನಿಮಿಷ ಕಾದೆವು. ತಳ ಒಣಗಿಯೇ ಇತ್ತು. ಗೆಳೆಯರು ಎಂಜಿನ್ ಶುರು ಮಾಡಿ, ಕಾದ ಮೇಲೆ ನಿಧಾನಕ್ಕೆ ಇಳಿಸಿದರು. ನಾನು ಅದೇ ದಪ್ಪ ಎಣ್ಣೆಯನ್ನು ಕುಂಚದಲ್ಲಿ ತೆಗೆದುಕೊಂಡು ಎರಡು ಕಿವಿಗಳ ಸುತ್ತ, ಹಿತ್ತಾಳೆಯ ಹಳದಿ ಗೆರೆಯ ಮೇಲೂ, ಸವರಿದೆ. ಇಬ್ಬರೂ ಕಿವಿಗೊಟ್ಟು ನಿಂತೆವು. ಎಣ್ಣೆ ಹಾಗೇ ಹೊಳೆಯುತ್ತ ಕೂತಿತ್ತು, ಎಂಜಿನ್ನಿನ ಸದ್ದು ಬದಲಾಗಲಿಲ್ಲ.